ದಾನಿ ಆಸ್ಪತ್ರೆಯನ್ನೇ ಕಟ್ಟಿಸಬೇಕೇ?

ದಾವಣಗೆರೆಯ ನಿವೃತ್ತ ಶಿಕ್ಷಕರೊಬ್ಬರು ಬರೆದಿದ್ದಾರೆ: “ತೈಲೋದ್ಯಮಿ ರಾಕ್‌ಫೆಲರ್ ಹಣದಿಂದ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಶಾಲೆ ಹುಟ್ಟಿದ್ದನ್ನು ಕಳೆದ ಸಂಚಿಕೆಯಲ್ಲಿ ಹೊಗಳಿದ್ದೀರಿ. ಆ ಹಣದಲ್ಲಿ ಬಡವರಿಗೊಂದು ಆಸ್ಪತ್ರೆ ಕಟ್ಟಬಹುದಿತ್ತು. ಪಾಠ ಹೇಳಿದರೆ ಯಾರ ಜ್ವರ ಬಿಟ್ಟೀತು? ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘ ಸರ್ಕಾರಿ ಆಸ್ಪತ್ರೆಗೆ ವಾರ್ಡ್ ಕಟ್ಟಿಸಲು ಹೊರಟಿದೆ. ದಾನವೆಂದರೆ ಅದು.”

ಮೇಷ್ಟ್ರೇ, ವಾರ್ಡ್ ಖಂಡಿತ ಕಟ್ಟಿಸಿ. ಹೆರಿಗೆ ನೋವಿನಲ್ಲಿ ಬಂದವಳಿಗೆ ಹಾಸಿಗೆ ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಾಠದಿಂದ ಏನಾದೀತು ಎಂಬ ಮಾತು ಜೀವಮಾನವಿಡೀ ಪಾಠ ಹೇಳಿದ ನಿಮ್ಮಿಂದ ಬರಬಾರದಿತ್ತು.

ಆ ವಿಶ್ವವಿದ್ಯಾಲಯವಿರುವ ಬಾಲ್ಟಿಮೋರ್ ನಗರದಲ್ಲಿ ಆಸ್ಪತ್ರೆ ಇರಲಿಲ್ಲವೆಂದುಕೊಳ್ಳಬೇಡಿ. ಜಾನ್ಸ್ ಹಾಪ್‌ಕಿನ್ಸ್ ಎಂಬ ವ್ಯಾಪಾರಿ ಬರೆದಿಟ್ಟುಹೋದ ಆಸ್ತಿಯಿಂದ 1889ರಲ್ಲೇ ಅಲ್ಲಿ ಹೆಸರಾಂತ ಆಸ್ಪತ್ರೆ ಬಾಗಿಲು ತೆರೆದಿತ್ತು. ಆಸ್ಪತ್ರೆಯ ಆಚೆಗೆ ಬೇರೊಂದು ಶಾಲೆ ಬೇಕೆಂದು ಪಟ್ಟು ಹಿಡಿದವರು ಅದೇ ಆಸ್ಪತ್ರೆಯ ರೋಗಶಾಸ್ತ್ರಜ್ಞ ವಿಲಿಯಂ ವೆಲ್ಚ್.

ಇದರ ಹಿಂದೆ ಕೊಕ್ಕೆಹುಳುವಿನ ಕಥೆಯಿದೆ. ಬರಿಗಾಲಲ್ಲಿ ಓಡಾಡುವ ಮಗುವಿನ ಕಾಲ್ಬೆರಳ ಸಂದಿಯಿಂದ ಹುಳುವಿನ ಮರಿ ಒಳಹೊಕ್ಕು, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಮಗು ಬಿಳಿಚಿಕೊಳ್ಳುತ್ತದೆ, ಪಾಠ ತಲೆಗೆ ಹತ್ತುವುದಿಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳ ಬಡವರನ್ನು ಇದಕ್ಕಾಗಿಯೇ ಸೋಮಾರಿಗಳೆಂದು ಹೀಗಳೆಯುತ್ತಿದ್ದರು. 1909ರಲ್ಲಿ ರಾಕ್‌ಫೆಲರ್ ಹತ್ತು ಲಕ್ಷ ಡಾಲರ್ ಕೊಟ್ಟ ಮೇಲೆ ಅಲ್ಲಿ ಶಿಬಿರಗಳು ನಡೆದವು. ಥೈಮಾಲ್ ಔಷಧಿ ಕೊಟ್ಟು, ಹೊಟ್ಟೆ ತೊಳೆಯಲು ಭೇದಿಯುಪ್ಪು ಕುಡಿಸುತ್ತಿದ್ದರು. ಹುಳುವಿನ ಮೊಟ್ಟೆ ಹೇಗಿರುತ್ತದೆಂದು ಜನ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ತಾವೇ ನೋಡಿದರು. ಆದರೆ ಗುಣವಾದ ಮಗು ಅದೇ ಹೊಲಸು ನೆಲ ತುಳಿದರೆ ಹುಳು ಮತ್ತೆ ಹತ್ತುತ್ತದೆ. ಶೌಚದ ಗುಂಡಿ ತೋಡಿಸಿ, ಮನೆಮನೆಯ ಲೆಕ್ಕವಿಟ್ಟು, ವರ್ಷಗಟ್ಟಲೆ ಬೆನ್ನು ಹತ್ತುವ ಅಧಿಕಾರಿಗಳು ಬೇಕಿತ್ತು. ಆ ಕೆಲಸ ಕಲಿತವರೇ ಸಿಗುತ್ತಿರಲಿಲ್ಲ.

ಈ ಕೊಕ್ಕೆಹುಳು ಆಂದೋಲನ ನಡೆಸಿದ್ದ ವಿಕ್ಲಿಫ್ ರೋಸ್, ವೆಲ್ಚ್ ಅವರೊಡನೆ ಸೇರಿ ಇಂಥವರನ್ನು ತಯಾರು ಮಾಡುವ ಶಾಲೆಯ ಬಗ್ಗೆ 1915ರಲ್ಲಿ ಕೊಟ್ಟ ವರದಿಯ ಬೆನ್ನಿಗೇ, ಮರುವರ್ಷ ರಾಕ್‌ಫೆಲರ್ ಪ್ರತಿಷ್ಠಾನದಿಂದ 2,67,000 ಡಾಲರಿನ ಮೊದಲ ದಾನ ಬಂತು. 1918ರ ಅಕ್ಟೋಬರಿನಲ್ಲಿ, ಇನ್‌ಫ್ಲುಯೆಂಜಾ ಊರೂರುಗಳನ್ನು ಬಲಿ ತೆಗೆದುಕೊಳ್ಳುತ್ತಿದ್ದ ತಿಂಗಳಲ್ಲೇ, ಪಾಠ ಶುರುವಾಯಿತು. ಅದು ವೈದ್ಯಕೀಯ ಕಾಲೇಜಿನ ಬಾಲವಾಗಲಿಲ್ಲ. ಅಂಕಿಅಂಶ ಬಲ್ಲವರಿಗೂ, ಪೌಷ್ಟಿಕಾಂಶ ಶೋಧಿಸುತ್ತಿದ್ದ ಮೆಕಾಲಂ ಅವರಂಥ ರಸಾಯನಶಾಸ್ತ್ರಜ್ಞರಿಗೂ ಅಲ್ಲಿ ಪೀಠ ಸಿಕ್ಕಿತು.

ಇದು ದೂರದ ಕಥೆಯೂ ಅಲ್ಲ. 1932ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾದ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆಗೂ ಅದೇ ಪ್ರತಿಷ್ಠಾನ ನೆರವಾಯಿತು. ಮೈಸೂರು ಸಂಸ್ಥಾನದಲ್ಲಿ, ಆಗ ಕ್ಲೋಸ್‌ಪೇಟೆ ಎನಿಸಿಕೊಂಡಿದ್ದ ರಾಮನಗರದಲ್ಲಿ, ಗ್ರಾಮೀಣ ಆರೋಗ್ಯ ಘಟಕ ನಡೆದದ್ದೂ ಅದರ ಸಹಾಯದಿಂದಲೇ.

ನಮ್ಮೂರಿನಲ್ಲಿ ಒಂದು ಬೇಸಿಗೆ ವಾಂತಿಭೇದಿ ಹಬ್ಬಿತು. ಆಸ್ಪತ್ರೆಯಲ್ಲಿ ಹಾಸಿಗೆ ಸಾಲದೆ ವರಾಂಡದಲ್ಲೇ ಗ್ಲೂಕೋಸ್ ಹಾಕಿದರು. ಅಲ್ಲಿನ ದಾದಿಯರ ಶ್ರಮಕ್ಕೆ ಕೈಮುಗಿಯಬೇಕು. ಆದರೆ ಕಾಯಿಲೆ ನಿಂತದ್ದು ನಿವೃತ್ತಿಯ ಅಂಚಿನಲ್ಲಿದ್ದ ಆರೋಗ್ಯ ನಿರೀಕ್ಷಕರೊಬ್ಬರಿಂದ. ರೋಗಿಗಳ ಮನೆಗಳನ್ನು ಹಾಳೆಯ ಮೇಲೆ ಬೀದಿವಾರು ಗುರುತಿಸಿ, ನೀರುಗಂಟಿಯನ್ನು ಜೊತೆಗೆ ಕರೆದುಕೊಂಡು ಹೋಗಿ, ಚರಂಡಿಯೊಳಗೆ ಹಾದುಹೋಗಿದ್ದ ಒಡಕು ಕೊಳಾಯಿಯನ್ನು ಅವರು ಪತ್ತೆ ಮಾಡಿದರು. ಮರುದಿನದ ಪತ್ರಿಕೆಗಳಲ್ಲಿ ಬಂದದ್ದು ಮಾತ್ರ ರೋಗಿಗಳಿಗೆ ಬ್ರೆಡ್ ಹಂಚಿದ ಮುಖಂಡರ ಚಿತ್ರ!

ನಮ್ಮಲ್ಲಿ ಎಲ್ಲವೂ ಹೀಗೆಯೇ. ದಾನಿಗೆ ಅಮೃತಶಿಲೆಯ ಫಲಕ ಬೇಕು, ಮಂತ್ರಿಗೆ ಟೇಪು ಕತ್ತರಿಸಬೇಕು. ಗ್ರಂಥಾಲಯ ಕಟ್ಟುತ್ತೇವೆ, ಪುಸ್ತಕ ಕೊಳ್ಳುವುದಿಲ್ಲ. ಕೆರೆಯ ಏರಿಯ ಮೇಲೆ ಉದ್ಯಾನ ಮಾಡುತ್ತೇವೆ, ಕೆರೆಗೆ ಬೀಳುವ ಕೊಳಚೆಯನ್ನು ತಡೆಯುವುದಿಲ್ಲ. ಹುಷಾರು ತಪ್ಪದೆ ಉಳಿದವರ ಹೆಸರು ಯಾರಿಗೂ ತಿಳಿಯುವುದಿಲ್ಲ, ಹಾಗಾಗಿ ಅವರನ್ನು ಉಳಿಸಿದವರಿಗೆ ಸನ್ಮಾನವೂ ಇಲ್ಲ, ಸಂಬಳವೂ ಸಾಲದು.

ನೀವು ಸಂಘದಲ್ಲಿ ಮಾತು ನಡೆಯುವ ಹಿರಿಯರೆಂದು ಪತ್ರದ ಧಾಟಿಯೇ ಹೇಳುತ್ತದೆ. ವಾರ್ಡಿಗೆ ಕೂಡಿಸಿದ ಹಣದಲ್ಲಿ ಒಂದು ಪಾಲು ತೆಗೆದಿಟ್ಟು, ನಿಮ್ಮ ಶಾಲೆಯ ಇಬ್ಬರು ಮಕ್ಕಳನ್ನು ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಓದಿಗೆ ಕಳುಹಿಸಿ. ಮುಂದಿನ ಸಭೆಯಲ್ಲಿ ಇದನ್ನು ಪ್ರಸ್ತಾಪಿಸಿ, ಏನು ತೀರ್ಮಾನವಾಯಿತೆಂದು ಬರೆಯಿರಿ. ಒಪ್ಪದವರ ವಾದವನ್ನೂ ಪ್ರಕಟಿಸುತ್ತೇವೆ.

— ಸಂಪಾದಕ