ಮೂವತ್ತು ದಾಟಿದ ಮೇಲೆ ಬ್ಯಾಂಡ್ ಕಟ್ಟಬಹುದಾ?

ವಯಸ್ಸು ಮೂವತ್ತು ದಾಟಿದೆ, ಕೈಯಲ್ಲೊಂದು ಕೆಲಸ ಇದೆ, ಇರೋದು ಚಿಕ್ಕ ಊರಲ್ಲಿ, ಈಗ ರಾಕ್ ಬ್ಯಾಂಡ್ ಅಂತ ಹೊರಟರೆ ಸುಮ್ನೆ ಕಾಲ ಕಳೆದ ಹಾಗಾಗುತ್ತದಾ ಎಂದು ಕೇಳಿದ್ದೀರಿ. ಓದಿದ ತಕ್ಷಣ ನನಗೆ ನೆನಪಾದದ್ದು ರಾಬರ್ಟ್ ಪೊಲಾರ್ಡ್.

ಅಮೆರಿಕದ ಒಹಾಯೋ ರಾಜ್ಯದಲ್ಲಿ ಡೇಟನ್ ಎಂಬ ಊರಿದೆ. ವಿಮಾನ ಹಾರಿಸಿದ ರೈಟ್ ಸಹೋದರರ ಊರು. ಪೊಲಾರ್ಡ್ ಅಲ್ಲಿ ಮೇಷ್ಟ್ರು, ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಹೆಂಡತಿ, ಮಕ್ಕಳು ಎಲ್ಲ ಇದ್ದರು. ಬಿಡುವಾದಾಗ ಗೆಳೆಯರ ಜೊತೆ ಸೇರಿ ಹಾಡು ಕಟ್ಟುತ್ತಿದ್ದರು. ಆ ತಂಡವೇ ಗೈಡೆಡ್ ಬೈ ವಾಯ್ಸಸ್. ಮೊದಲ ರೆಕಾರ್ಡ್ 1986ರಲ್ಲಿ ಬಂತು. ಆಮೇಲೆ ಕೈಯಿಂದಲೇ ದುಡ್ಡು ಹಾಕಿ ಒಂದರ ಹಿಂದೆ ಒಂದು ಆಲ್ಬಮ್ ತಂದರು. ಕೇಳುವವರೇ ಇರಲಿಲ್ಲ.

1992ರ ಹೊತ್ತಿಗೆ ಪೊಲಾರ್ಡ್‌ಗೆ ಸಾಕಾಗಿತ್ತು. ಇದೇ ಕೊನೆಯದು ಅಂದುಕೊಂಡು ‘ಪ್ರೊಪೆಲರ್’ ಮಾಡಿದರು. ತೆಗೆಸಿದ್ದು 500 ಪ್ರತಿ ಮಾತ್ರ. ಅಷ್ಟಕ್ಕೂ ಕೂತು ಕೈಯಲ್ಲೇ ಕವರ್ ಮಾಡಿದರು, ಒಂದರ ಹಾಗೆ ಇನ್ನೊಂದಿಲ್ಲ. ಆ ಆಲ್ಬಮ್ ಶುರುವಾಗುವುದೇ ದೊಡ್ಡ ಗುಂಪೊಂದು “ಜಿಬಿವಿ! ಜಿಬಿವಿ!” ಎಂದು, ಅಂದರೆ ತಂಡದ ಹೆಸರನ್ನೇ ಚಿಕ್ಕದು ಮಾಡಿ, ಕೂಗುವ ಸದ್ದಿನಿಂದ. ಅಂಥ ಗುಂಪು ಎಲ್ಲೂ ಇರಲಿಲ್ಲ. ಇವರೇ ಕೂಗಿ ರೆಕಾರ್ಡ್ ಮಾಡಿಕೊಂಡದ್ದು. ಅದನ್ನು ಕೇಳಿದಾಗೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಕೊನೆಯದು ಅಂದುಕೊಂಡ ಆ ರೆಕಾರ್ಡೇ ಕೈಯಿಂದ ಕೈಗೆ ಹೋಗಿ ಕ್ಲೀವ್‌ಲ್ಯಾಂಡಿನ ಸ್ಕ್ಯಾಟ್ ಎಂಬ ಪುಟ್ಟ ರೆಕಾರ್ಡ್ ಕಂಪನಿಗೆ ಮುಟ್ಟಿತು. 1994ರಲ್ಲಿ ಆ ಕಂಪನಿ ‘ಬೀ ಥೌಸಂಡ್’ ಹೊರತಂದಿತು. 20 ಹಾಡು, ಎಲ್ಲ ಸೇರಿ 36 ನಿಮಿಷ. ಜಾಸ್ತಿ ಹಾಡುಗಳನ್ನು ಮನೆಯಲ್ಲೇ ಫೋರ್ ಟ್ರ್ಯಾಕ್ ಯಂತ್ರದಲ್ಲಿ ಮುದ್ರಿಸಿದ್ದು. ಅಂದರೆ ಮಾಮೂಲಿ ಕ್ಯಾಸೆಟ್ ಟೇಪನ್ನೇ ನಾಲ್ಕು ಪಟ್ಟಿ ಮಾಡಿ, ಒಂದರಲ್ಲಿ ಗಿಟಾರ್, ಇನ್ನೊಂದರಲ್ಲಿ ದನಿ, ಹೀಗೆ ತುಂಬುವುದು. ಹಿಂದೆ ಟೇಪಿನ ಸುಸ್ ಸದ್ದು ಇದ್ದೇ ಇರುತ್ತದೆ. ಮೊದಲ ಹಾಡಿನಲ್ಲಂತೂ ನಡುವೆ ಗಿಟಾರ್ ಮಾಯವಾಗಿ ಮತ್ತೆ ಬರುತ್ತದೆ. ತಿದ್ದಲಿಲ್ಲ, ಹಾಗೇ ಬಿಟ್ಟರು. ರಾಗ ಅಷ್ಟು ಚೆನ್ನಾಗಿದ್ದರೆ ಸದ್ದು ಒರಟಾಗಿದ್ದರೂ ನಡೆಯುತ್ತದೆ, ಅಲ್ವಾ? ಪೊಲಾರ್ಡ್ ಮೇಷ್ಟ್ರ ಕೆಲಸ ಬಿಟ್ಟದ್ದು ಆ ಹೊತ್ತಿಗೆ. ವಯಸ್ಸು 36.

ಮುಂದಿನ ವರ್ಷ ನ್ಯೂಯಾರ್ಕಿನ ಮ್ಯಾಟಡೋರ್ ಕಂಪನಿಯಿಂದ 28 ಹಾಡುಗಳ ಆಲ್ಬಮ್ ಬಂತು. 1999ರಲ್ಲಿ ಹೆಸರಾಂತ ನಿರ್ಮಾಪಕರನ್ನು ಇಟ್ಟುಕೊಂಡು ನುಣುಪಾದ ಆಲ್ಬಮ್ ಒಂದನ್ನು ಮಾಡಿದರು. ನನಗೆ ಅದು ಅಷ್ಟಾಗಿ ಹಿಡಿಸಲಿಲ್ಲ. ತಂಡಕ್ಕೆ ಜನ ಬಂದರು, ಹೋದರು, ಪೊಲಾರ್ಡ್ ಮಾತ್ರ ಉಳಿದರು. ಎರಡು ಸಲ ತಂಡ ಮುಚ್ಚಿತು, ಎರಡು ಸಲವೂ ಮತ್ತೆ ಎದ್ದಿತು. ಮೊದಲ ಸಲ ಬೀಳ್ಕೊಟ್ಟದ್ದು 2004ರ ಡಿಸೆಂಬರ್ 31ರಂದು, ಶಿಕಾಗೋದಲ್ಲಿ. ಅಷ್ಟು ಹೊತ್ತಿಗೆ ಅವರು ಹೋದಲ್ಲೆಲ್ಲ “ಜಿಬಿವಿ!” ಎಂದು ಕೂಗುವ ನಿಜವಾದ ಜನ ಇದ್ದರು.

ಹಾಗಾಗಿ ಈಗಲೇ ಕೆಲಸ ಬಿಡಬೇಡಿ, ಊರನ್ನೂ ಬಿಡಬೇಡಿ. ಪೊಲಾರ್ಡ್ ಇಂದಿಗೂ ಡೇಟನ್ ಕಡೆಯವರೇ. ವಾರಕ್ಕೆ ಎರಡು ಸಂಜೆ ಗೆಳೆಯರನ್ನು ಸೇರಿಸಿ. ಒಳ್ಳೆ ಸ್ಟುಡಿಯೋ ಸಿಗಲಿ ಅಂತ ಕಾಯದೆ ಫೋನಿನಲ್ಲೇ ಮುದ್ರಿಸಿ. ಮೊದಲ ಹಾಡು ಆದ ಮೇಲೆ ಇಲ್ಲೇ ಹಾಕಿ, ನಾನು ಕೇಳುತ್ತೇನೆ.