ಮುರುಗಲ ಬೀಜ ತಿಪ್ಪೆಗೆ ಬೇಡ: ಸಿರಪ್ಪು ಮಾಡಿ ಉಳಿದದ್ದರಿಂದ ಏನೇನು ತೆಗೆಯಬಹುದು

ನಮಸ್ಕಾರ ಅಕ್ಕಾ. ಪುನರ್ಪುಳಿ ಸಿರಪ್ಪು ಮಾಡಿದ ಮೇಲೆ ಎರಡು ಬುಟ್ಟಿ ಬೀಜ, ಸಕ್ಕರೆಯಲ್ಲಿ ನೆನೆದ ಒಂದು ಡ್ರಮ್ಮು ಸಿಪ್ಪೆ ಉಳಿದಿದೆ, ತೆಂಗಿನ ಬುಡಕ್ಕೆ ಸುರಿಯಲಾ ಅಂತ ಕೇಳಿದ್ದೀರಿ. ಸುರಿಯಬೇಡಿ. ಬೀಜವನ್ನಂತೂ ಬೇಡವೇ ಬೇಡ. ನಾವು ಸಿದ್ದಾಪುರದ ಕಡೆಯವರು, ನಮ್ಮಲ್ಲಿ ಪುನರ್ಪುಳಿಗೆ (ಕೋಕಂ) ಮುರುಗಲು ಅನ್ನುತ್ತೇವೆ. ನಮ್ಮಜ್ಜಿ ಪಾನಕ ಕುಡಿದವರ ಕೈಯಿಂದಲೂ ಬೀಜ ವಾಪಸ್ ಇಸಿದುಕೊಳ್ಳುತ್ತಿದ್ದರು. ಚಳಿಗಾಲದಲ್ಲಿ ಮನೆಮಂದಿಯ ಹಿಮ್ಮಡಿ ಒಡಕಿಗೆಲ್ಲ ಬೇಕಾದ ಮುರುಗಲ ತುಪ್ಪ, ಅಂದರೆ ಬೀಜದ ಗಟ್ಟಿ ಕೊಬ್ಬು, ಬರುತ್ತಿದ್ದುದು ಅದರಿಂದಲೇ.

ಲೆಕ್ಕ ಹೀಗೆ. ಒಣಗಿದ ಬೀಜದ ತೂಕದಲ್ಲಿ ಶೇ. 60ರಷ್ಟು ತಿರುಳು, ಉಳಿದದ್ದು ಓಡು. ತಿರುಳಿನಲ್ಲಿ ಶೇ. 40ರ ಮೇಲೆ ಕೊಬ್ಬು. ಅಂದರೆ ಒಂದು ಕೆ.ಜಿ. ಒಣ ಬೀಜದಲ್ಲಿ ಹೆಚ್ಚುಕಡಿಮೆ ಕಾಲು ಕೆ.ಜಿ. ತುಪ್ಪ ಇದೆ. ಮನೆಯಲ್ಲಿ ನೀರಲ್ಲಿ ಕುದಿಸಿ ತೆಗೆದರೆ ಅಷ್ಟೂ ಕೈಗೆ ಸಿಗುವುದಿಲ್ಲ. ನನಗೆ 120ರಿಂದ 150 ಗ್ರಾಂ ಸಿಗುತ್ತದೆ, ಒಳ್ಳೆಯ ವರ್ಷ ಅದಕ್ಕಿಂತ ಚೂರು ಜಾಸ್ತಿ.

ಎಲ್ಲ ನಿಂತಿರುವುದು ಮೊದಲ ಎರಡು ದಿನದ ಮೇಲೆ. ಬೀಜಕ್ಕೆ ಅಂಟಿದ ಬಿಳಿ ಲೋಳೆಯಲ್ಲಿ ಸಕ್ಕರೆ ಇರುತ್ತದೆ, ಒಂದೇ ರಾತ್ರಿಗೆ ಹುಳಿ ವಾಸನೆ ಶುರು. ಹಾಗಾಗಿ ಇವತ್ತೇ ಬುಟ್ಟಿ ಸಮೇತ ನೀರಿಗೆ ಹಾಕಿ ಚೆನ್ನಾಗಿ ತಿಕ್ಕಿ ತೊಳೆಯಿರಿ. ಆಮೇಲೆ ತೆಳ್ಳಗೆ ಹರಡಿ, ಕೈಯಲ್ಲಿ ಅಲ್ಲಾಡಿಸಿದರೆ ಗಲಗಲ ಅನ್ನುವವರೆಗೂ ಒಣಗಿಸಿ. ಬಿರು ಬಿಸಿಲಿದ್ದರೆ ಐದಾರು ದಿನ. ಆದರೆ ನಮ್ಮ ಹಣ್ಣಿನ ಗ್ರಹಚಾರ ಗೊತ್ತಲ್ಲ, ಮರದ ತುಂಬ ಹಣ್ಣಾಗುವ ಹೊತ್ತಿಗೇ ಮಳೆ ಬಂದು ನಿಲ್ಲುತ್ತದೆ. ಅಡಿಕೆ ಡ್ರೈಯರ್ ಇದ್ದರೆ ಅದರಲ್ಲಿಡಿ. ಒಲೆಯ ಮೇಲಿನ ಅಟ್ಟದಲ್ಲೂ ಒಣಗುತ್ತದೆ, ಆದರೆ ಹೊಗೆ ವಾಸನೆ ತುಪ್ಪಕ್ಕೆ ಹತ್ತಿಬಿಟ್ಟರೆ ಹೋಗುವುದಿಲ್ಲ. ಒಂದು ವರ್ಷ ನಾನು ಅವಸರಕ್ಕೆ ಅರೆ ಒಣಗಿದ ಬೀಜವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು ಮಳೆಗಾಲದಲ್ಲಿ ಮರೆತೇಬಿಟ್ಟೆ. ಆಗಸ್ಟಿನಲ್ಲಿ ಬಿಚ್ಚಿದರೆ ಒಳಗೆಲ್ಲ ಹಸಿರು ಬೂಷ್ಟು. ತುಪ್ಪವೇನೋ ಬಂತು, ಕಮಟು ಎಂದರೆ ಕಮಟು. ದೀಪಕ್ಕೆ ಕೂಡ ಯಾರೂ ಮುಟ್ಟಲಿಲ್ಲ.

ಒಣಗಿದ ಮೇಲೆ ಆತುರವಿಲ್ಲ. ಗಾಳಿಯಾಡದ ಡಬ್ಬಿಯಲ್ಲಿಟ್ಟು, ಕೈ ಬಿಡುವಾದಾಗ ತೆಗೆಯಬಹುದು. ಒರಳಿನಲ್ಲಿ ಹಗುರಾಗಿ ಕುಟ್ಟಿದರೆ ಓಡು ಬಿರಿಯುತ್ತದೆ. ಮೊರದಲ್ಲಿ ಕೇರಿ, ತಿರುಳನ್ನು ನುಣ್ಣಗೆ ಪುಡಿ ಮಾಡಿ. ಮಿಕ್ಸಿಯಲ್ಲಾದರೆ ತಡೆದು ತಡೆದು ತಿರುಗಿಸಿ, ಬಿಸಿಯಾದರೆ ಗೋಡೆಗೆ ಅಂಟಿ ಮುದ್ದೆಯಾಗುತ್ತದೆ. ಪುಡಿಯ ನಾಲ್ಕೈದು ಪಟ್ಟು ನೀರಿಟ್ಟು ಕುದಿಸಿ, ಪುಡಿ ಹಾಕಿ, ಸಣ್ಣ ಉರಿಯಲ್ಲಿ ಎರಡು ಮೂರು ತಾಸು ಬಿಡಿ. ಮೇಲೆ ಎಣ್ಣೆ ತೇಲುತ್ತದೆ. ನಮ್ಮಜ್ಜಿ ಸೌಟಿನಲ್ಲಿ ಹಾರಿಸಿ ತೆಗೆಯುತ್ತಿದ್ದರು. ನಾನು ಸೋಮಾರಿ, ಬಿಸಿ ಇರುವಾಗಲೇ ಬಟ್ಟೆಯಲ್ಲಿ ಸೋಸಿ ಹಿಂಡಿ, ಪಾತ್ರೆ ಮುಚ್ಚಿ ರಾತ್ರಿಯಿಡೀ ಬಿಡುತ್ತೇನೆ. ಬೆಳಿಗ್ಗೆ ಮೇಲೆ ದೋಸೆಯ ಹಾಗೆ ಗಟ್ಟಿ ಬಿಲ್ಲೆ ಕಟ್ಟಿರುತ್ತದೆ. ಅದನ್ನೆತ್ತಿ, ಬೆಣ್ಣೆ ಕಾಸಿದ ಹಾಗೆ ಚಟಪಟ ಸದ್ದು ನಿಲ್ಲುವವರೆಗೆ ಕಾಸಿ ಸೋಸಿ. ನೀರಿನ ಪಸೆ ಉಳಿದರೆ ತುಪ್ಪ ಬಾಳುವುದಿಲ್ಲ. ತೆಂಗಿನ ಗರಟೆಯಲ್ಲಿ ಹೊಯ್ದರೆ ಅಚ್ಚು ತಾನೇ ಬಿಡುತ್ತದೆ.

ಗಾಣಕ್ಕೆ ಕೊಡಬಹುದಾ ಅಂತ ಕೆಳಗೆ ಯಾರೋ ಕೇಳಿದ್ದಾರೆ. ನಾನೂ ಒಮ್ಮೆ ಕೊಬ್ಬರಿ ಎಣ್ಣೆ ತೆಗೆಯುವ ಮಿಲ್ಲಿಗೆ ಒಯ್ದಿದ್ದೆ. ಈ ಕೊಬ್ಬು ಕರಗುವುದೇ 40 ಡಿಗ್ರಿಯ ಆಸುಪಾಸಿನಲ್ಲಿ, ಯಂತ್ರ ತಣ್ಣಗಿದ್ದರೆ ಒಳಗೇ ಹೆಪ್ಪುಗಟ್ಟುತ್ತದೆ. ಅವರು ಬಿಚ್ಚಿ ತೊಳೆಯಲು ಅರ್ಧ ದಿನ ತೆಗೆದುಕೊಂಡರು, ಮತ್ತೆ ನನ್ನ ಮುಖ ನೋಡಿ ನಗಲಿಲ್ಲ. ತಿರುಳನ್ನು ಮೊದಲು ಬಿಸಿ ಮಾಡಿ, ಯಂತ್ರವೂ ಬಿಸಿಯಿದ್ದಾಗ ಹಾಕುತ್ತೇವೆ ಅನ್ನುವವರು ಸಿಕ್ಕರೆ ಮಾತ್ರ ಕೊಡಿ.

ಇಷ್ಟು ಗಟ್ಟಿ ಇರುವುದಕ್ಕೆ ಕಾರಣ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಇರುವ ಸ್ಟಿಯರಿಕ್ ಎಂಬ ಕೊಬ್ಬಿನ ಆಮ್ಲ. ಉಳಿದದ್ದರಲ್ಲಿ ಬಹುಪಾಲು ಓಲಿಯಿಕ್. ಕೋಕೋ ಬೆಣ್ಣೆಗೆ ಹತ್ತಿರದ ಸ್ವಭಾವ. ಯುರೋಪಿನ ಚಾಕೊಲೇಟ್ ನಿಯಮದಲ್ಲಿ (2000ದ್ದು) ಕೋಕೋ ಬೆಣ್ಣೆಯ ಜೊತೆ ಶೇ. 5ರವರೆಗೆ ಸೇರಿಸಬಹುದಾದ ಆರು ಸಸ್ಯ ಕೊಬ್ಬುಗಳ ಪಟ್ಟಿಯಿದೆ, ನಮ್ಮ ಮುರುಗಲೂ ಮಾವಿನ ಓಟೆಯ ಕೊಬ್ಬೂ ಅದರಲ್ಲಿವೆ. ನಾವು ತಿಪ್ಪೆಗೆ ಎಸೆಯುವುದು ಅಲ್ಲಿ ಚಾಕೊಲೇಟಿಗೆ! ಮನೆಯ ಮಟ್ಟಿಗೆ, ಒಂದು ಪಾಲು ಮುರುಗಲ ತುಪ್ಪಕ್ಕೆ ಎರಡು ಪಾಲು ಕೊಬ್ಬರಿ ಎಣ್ಣೆ ಬೆರೆಸಿ ಕರಗಿಸಿಟ್ಟರೆ ಬೆರಳಿಗೆ ಬರುವಷ್ಟು ಮೆದು ಮುಲಾಮು. ಬರಿಯ ತುಪ್ಪ ಚಳಿಯಲ್ಲಿ ಕಲ್ಲು.

ಇನ್ನು ಸಿಪ್ಪೆ. ಸಕ್ಕರೆ ನೀರನ್ನು, ಬಣ್ಣವನ್ನು, ಹುಳಿಯನ್ನು ಎಳೆದುಕೊಂಡಿದ್ದರೂ ಪೂರ್ತಿ ಎಳೆದಿರುವುದಿಲ್ಲ, ಹಿಸುಕಿ ನೋಡಿ, ಕೈ ಇನ್ನೂ ಕೆಂಪಾಗುತ್ತದೆ. ಸಿಪ್ಪೆ ಮುಳುಗುವಷ್ಟು ಬಿಸಿ ನೀರು ಹಾಕಿ, ಕೈ ಅದ್ದಿದರೆ ಚುರುಕ್ ಅನ್ನಬೇಕು ಅಷ್ಟೇ, 60 ಡಿಗ್ರಿ ದಾಟುವುದು ಬೇಡ. ಅರ್ಧ ಗಂಟೆ ಬಿಟ್ಟು ಸೋಸಿ, ಇನ್ನೊಂದು ಸಲ ಹಾಗೇ ಮಾಡಿ. ಈ ಕೆಂಪು ಆಂಥೋಸಯನಿನ್ ಎಂಬ ಬಣ್ಣ, ಕುದಿಸಿದರೆ ಕಂದಾಗುತ್ತದೆ, ಬೆಳಕಿಗಿಟ್ಟರೆ ಮಾಸುತ್ತದೆ. ಸ್ಟೀಲು ಅಥವಾ ಗಾಜು ಬಳಸಿ. ಕಬ್ಬಿಣ, ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಳಿ ಲೋಹವನ್ನು ತಿನ್ನುತ್ತದೆ, ಬಣ್ಣವೂ ಕೆಡುತ್ತದೆ. ಹೀಗೆ ಬಂದ ನೀರು ಸಾರಿಗೆ ಬೆಲ್ಲ, ಮೆಣಸಿನೊಂದಿಗೆ ಬಹಳ ಚೆನ್ನ. ಮಕ್ಕಳಿದ್ದರೆ ಒಂದು ಲೋಟಕ್ಕೆ ಅಡುಗೆ ಸೋಡಾ ಹಾಕಿ ತೋರಿಸಿ, ಕೆಂಪು ಹೋಗಿ ನೀಲಿ ಹಸಿರಿನತ್ತ ತಿರುಗುತ್ತದೆ. ಪೇಟೆಯಲ್ಲಿ ಕೊಂಡ ಸಿರಪ್ಪು ಸೋಡಾ ಹಾಕಿದರೂ ಕೆಂಪಗೇ ಉಳಿದರೆ, ಬಣ್ಣ ಎಲ್ಲಿಂದ ಬಂತು ಅಂತ ಅನುಮಾನ ಪಡಬಹುದು. ಕೊನೆಗೆ ಉಳಿದ ಸಿಪ್ಪೆ ಗೊಬ್ಬರಕ್ಕೆ, ಜೊತೆಗೆ ಒಂದಿಷ್ಟು ಒಲೆ ಬೂದಿ ಹಾಕಿ, ಹುಳಿ ಮುರಿಯಲಿ.

ಹೆಕ್ಸೇನ್ (ಕೊಬ್ಬನ್ನು ಕರಗಿಸಿ ತೆಗೆಯುವ ರಾಸಾಯನಿಕ ದ್ರವ) ತಂದು ಕೊಬ್ಬು ತೆಗೆಯೋಣ, ಸಿಪ್ಪೆಯಿಂದ ಸಪೂರಾಗುವ ಪುಡಿಯನ್ನೂ ಮಾಡೋಣ ಅಂತ ಇಲ್ಲೇ ಮೇಲೆ ಬರೆದ ತಮ್ಮನಿಗೆ: ದಯವಿಟ್ಟು ಬೇಡಪ್ಪಾ. ಹೆಕ್ಸೇನಿನ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿದು ಪಕ್ಕದ ಕೋಣೆಯ ಒಲೆಯನ್ನು ಹುಡುಕಿಕೊಂಡು ಹೋಗುತ್ತದೆ. ಸೊನ್ನೆಗಿಂತ 20 ಡಿಗ್ರಿ ಕೆಳಗೂ ಕಿಡಿ ಹತ್ತುವ ದ್ರವ ಅದು. ಆ ಪುಡಿಯ ಆಮ್ಲದ ಹೆಸರು ಹೈಡ್ರಾಕ್ಸಿಸಿಟ್ರಿಕ್. 1965ರಲ್ಲಿ ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಲೂಯಿಸ್ ಮತ್ತು ನೀಲಕಂಠನ್ ಇದನ್ನು ಮುರುಗಲ ಅಣ್ಣನಾದ, ಅದೇ ಕುಲದ ಹುಳಿ ಹಣ್ಣು ಉಪ್ಪಾಗೆಯಲ್ಲಿ ಗುರುತಿಸಿದರು. ಆಮೇಲೆ ತೂಕ ಇಳಿಸುವ ಹುಚ್ಚಿಗೆ ಉಪ್ಪಾಗೆಗೆ ಬೆಲೆ ಬಂದಾಗ ನಮ್ಮ ಕಾಡಿನಲ್ಲಿ ಕಾಯಿಗಾಗಿ ಕೊಂಬೆ ಕಡಿದದ್ದು, ಸಿಪ್ಪೆ ಒಣಗಿಸಲು ರಾಶಿ ರಾಶಿ ಕಟ್ಟಿಗೆ ಉರಿಸಿದ್ದು ಕಣ್ಣಾರೆ ನೋಡಿದ್ದೇನೆ. ಆ ಆಮ್ಲದ ಮಾತ್ರೆ ನುಂಗಿ ಯಕೃತ್ತು ಕೆಡಿಸಿಕೊಂಡವರ ವರದಿಗಳೂ ಇವೆ. ಅದು ನೀರಲ್ಲಿ ಕರಗುವ ವಸ್ತು, ಬೇಕಾದಷ್ಟು ಸಾರಿನಲ್ಲೇ ಬಂದಿರುತ್ತದೆ. ಸಿಪ್ಪೆಯಲ್ಲಿ ಗಾರ್ಸಿನಾಲ್ ಅಂತ ಹಳದಿ ವಸ್ತುವೂ ಇದೆ, ಅದು ನೀರಿಗೆ ಬಗ್ಗುವುದಿಲ್ಲ, ಕಾರ್ಖಾನೆಯವರ ಕೆಲಸ.

ಮಾರುವ ಯೋಚನೆಯಿದ್ದರೆ ಒಂದೇ ಮಾತು ಅಕ್ಕಾ. ತಿನ್ನುವ ತುಪ್ಪವೆಂದು ಮಾರಿದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು, ಮುಲಾಮು ಎಂದು ಚೀಟಿ ಅಂಟಿಸಿದರೆ ಸೌಂದರ್ಯವರ್ಧಕದ ಪರವಾನಗಿ ಬೇರೆ ಬೇಕು. ಮೊದಲ ವರ್ಷ ನೆಂಟರಿಷ್ಟರಿಗೆ ಕೊಟ್ಟು ನೋಡಿ.

ಈಗ ಡ್ರಮ್ಮಿನ ಸಿಪ್ಪೆ ಸಕ್ಕರೆಯಲ್ಲೇ ಇರಲಿ, ಅದಕ್ಕೇನೂ ಆಗುವುದಿಲ್ಲ. ಬೀಜ ತೊಳೆದಾಯಿತಾ? ನಿಮ್ಮಲ್ಲಿ ಮಳೆ ಶುರುವಾಗಿದೆಯಾ, ಡ್ರೈಯರ್ ಇದೆಯಾ ಹೇಳಿ, ಇಲ್ಲದಿದ್ದರೆ ಬಲ್ಬು ಹಾಕಿ ಪೆಟ್ಟಿಗೆಯಲ್ಲಿ ಒಣಗಿಸುವ ಕ್ರಮ ನಾಳೆ ಫೋಟೋ ಸಮೇತ ಹಾಕುತ್ತೇನೆ.