ಫಿರಂಗಿ ಇತ್ತು, ಎತ್ತು ಇರಲಿಲ್ಲ

ಮಂಡ್ಯದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: ‘ಅಮೆರಿಕ, ಯುರೋಪ್ ದೇಶಗಳ ಸೈನಿಕ ಕೂಟವಾದ ನ್ಯಾಟೊ ಹುಟ್ಟಿದ್ದು ಸೋವಿಯತ್ ಒಕ್ಕೂಟದ ಭಯಕ್ಕೆ. 1991ರಲ್ಲಿ ಆ ಒಕ್ಕೂಟವೇ ಇಲ್ಲವಾಯಿತು. ಅಂಗಡಿ ಮುಚ್ಚುವುದು ಬಿಟ್ಟು ಬೋಸ್ನಿಯಾ, ಅಫ್ಗಾನಿಸ್ತಾನ ಅಂತ ಹೊಸ ಕೆಲಸ ಹುಡುಕಿಕೊಂಡಿತು. ಇದಕ್ಕೆ ಕಳೆದ ಸಂಚಿಕೆಯಲ್ಲಿ ಅಷ್ಟೊಂದು ಪುಟ ಯಾಕೆ?’

ಮೇಷ್ಟ್ರೇ, ನಿಮ್ಮ ಅಕ್ಷರ ಮುತ್ತಿನಂತಿದೆ. ಮಾತಿನಲ್ಲೂ ಹುರುಳಿದೆ. 2021ರಲ್ಲಿ ಅಫ್ಗಾನಿಸ್ತಾನದಿಂದ ಹೊರಬಿದ್ದ ರೀತಿಯನ್ನು ಯಾರೂ ಗೆಲುವು ಅನ್ನುವುದಿಲ್ಲ. ಆದರೆ ‘ಹೊಸ ಕೆಲಸ ಹುಡುಕಿಕೊಂಡಿತು’ ಅಂತ ಸುಲಭವಾಗಿ ತಳ್ಳಿಬಿಟ್ಟಿರಲ್ಲ, ನನ್ನ ತಕರಾರು ಅಲ್ಲಿ. ಸೈನ್ಯದ ಕೆಲಸ ಬದಲಾದರೆ ಲಾರಿ, ಸೇತುವೆ, ರೈಲು, ಡೀಸೆಲ್ ಲೆಕ್ಕ ಎಲ್ಲವೂ ಬದಲಾಗಬೇಕು. ಕೂಟವಾದರಂತೂ ಆ ತಾಪತ್ರಯ ಇನ್ನೂ ಜಾಸ್ತಿ.

ನಿಮ್ಮ ಊರ ಪಕ್ಕದಲ್ಲೇ ನೋಡಿ. 1791ರ ಮೇ ತಿಂಗಳು. ಇಂಗ್ಲಿಷರು, ನಿಜಾಮ, ಮರಾಠರು ಟಿಪ್ಪುವಿನ ವಿರುದ್ಧ ಒಂದಾಗಿದ್ದರು. ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಅರಕೆರೆ ಹತ್ತಿರ ಟಿಪ್ಪುವಿನ ಸೈನ್ಯವನ್ನು ಹಿಮ್ಮೆಟ್ಟಿಸಿದ. ಶ್ರೀರಂಗಪಟ್ಟಣ ಇನ್ನೇನು ಕೈಗೆ ಸಿಕ್ಕಿತು ಅನ್ನುವಾಗ ಮಳೆ ಹಿಡಿಯಿತು. ಮೇವಿಲ್ಲದೆ ಎತ್ತುಗಳು ಸತ್ತವು. ಕೋಟೆ ಒಡೆಯಲು ತಂದ ದೊಡ್ಡ ಫಿರಂಗಿಗಳನ್ನು ಎಳೆಯಲು ಗತಿಯಿಲ್ಲದೆ ತಾನೇ ಹಾಳುಗೆಡವಿ ವಾಪಸ್ ಹೊರಟ. ದಾರಿಯಲ್ಲಿ ಎದುರಾದದ್ದು ಯಾರು? ಅವನು ಕಾಯುತ್ತಿದ್ದ ಮರಾಠರೇ! ಅವರು ಹತ್ತಿರ ಬಂದ ಸುದ್ದಿ ಮುಟ್ಟಿರಲಿಲ್ಲ. ಟಿಪ್ಪುವಿನ ಸವಾರರು ಓಲೆಗಳನ್ನು ನಡುದಾರಿಯಲ್ಲೇ ಹಿಡಿಯುತ್ತಿದ್ದರು. ಮರುವರ್ಷ ಲಂಬಾಣಿಗಳ ಹೇರೆತ್ತುಗಳ ಮೇಲೆ ದವಸ ಹೊರಿಸಿಕೊಂಡು ಬಂದರು. ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕಾಯಿತು.

ನ್ಯಾಟೊ ಈಗ ಪಡುತ್ತಿರುವ ಪಾಡೂ ಇಂಥದ್ದೇ. ಖರ್ಚು ಉಳಿಸಲು ಕೂಟದ ಸದಸ್ಯ ನೆದರ್ಲೆಂಡ್ಸ್ 2011ರಲ್ಲಿ ಟ್ಯಾಂಕ್ ದಳಗಳನ್ನೇ ರದ್ದು ಮಾಡಿ, ಆಮೇಲೆ ನೂರು ಟ್ಯಾಂಕುಗಳನ್ನು ಫಿನ್ಲೆಂಡಿಗೆ ಮಾರಿತು. ಉಕ್ರೇನ್ ಯುದ್ಧ ಶುರುವಾದ ಮೇಲೆ, 2023ರಲ್ಲಿ, ಫಿನ್ಲೆಂಡ್ ಅದೇ ಕೂಟ ಸೇರಿತು, ಟ್ಯಾಂಕುಗಳ ಸಮೇತ. ಮರುವರ್ಷ ನೆದರ್ಲೆಂಡ್ಸ್ ಮತ್ತೆ ಟ್ಯಾಂಕ್ ದಳ ಕಟ್ಟುತ್ತೇನೆ ಅಂದಿತು. ಇನ್ನು ರೈಲು. ಪೋಲೆಂಡಿನ ಹಳಿಯ ಅಗಲ 1435 ಮಿಲಿಮೀಟರ್. ಅದೇ ಕೂಟದ ಲಿಥುವೇನಿಯಾ, ಲಾಟ್ವಿಯಾ, ಎಸ್ಟೋನಿಯಾಗಳ ಹಳೆಯ ಹಳಿ ರಷ್ಯದ ಅಳತೆಯದು, 1520. ಗಡಿಯಲ್ಲಿ ಸಾಮಾನು ಇಳಿಸಿ ಹತ್ತಿಸುವ ಪಾಡನ್ನು ಮೀಟರ್ ಗೇಜ್ ಕಂಡ ನಿಮಗೆ ನಾನು ಹೇಳಬೇಕೇ?

ಟಿವಿಯವರಿಗೆ ಇದೆಲ್ಲ ಬೇಡ. ಬೆಂಕಿ ಉಗುಳುವ ಕ್ಷಿಪಣಿ ಇದ್ದರೆ ಸಾಕು. ನೀವು ಮೇಷ್ಟ್ರುಗಳು ಏನು ಕಡಿಮೆ? ನಾಲ್ಕು ಮೈಸೂರು ಯುದ್ಧ, ಇಸವಿ, ಒಪ್ಪಂದ ಉರು ಹೊಡೆಸಿದಿರಿ. ಎತ್ತಿನ ಮಾತೇ ಇಲ್ಲ! ಹೈದರ್, ಟಿಪ್ಪು ಕಾಲದಲ್ಲಿ ಫಿರಂಗಿ ಎಳೆದ ಅಮೃತಮಹಲ್ ತಳಿ ನಮ್ಮದೇ. ಅದರ ಮೇವಿಗೆಂದೇ ಬಿಟ್ಟಿದ್ದ ಚಳ್ಳಕೆರೆಯ ಕಾವಲಿನಲ್ಲಿ ಈಗ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಡ್ರೋನ್ ಹಾರಿಸುತ್ತದೆ. ಹಾರಿಸಲಿ, ಬೇಡ ಅಂದವರಾರು? ದನ ಎಲ್ಲಿ ಮೇಯಬೇಕು ಅಂತ ಕೇಳಿ ಮಾತ್ರ ನಮಗೆ ಒಂದು ಪತ್ರವೂ ಬಂದಿಲ್ಲ.

– ಸಂಪಾದಕ, ಮೈಸೂರು